ಹಿತ್ತಲಿನ ಗ್ಯಾರೇಜಿಗೆ ನಾಲ್ಕನೆಯ ತಂತಿ ಏಕೆ ಬೇಕು?

ಮನೆಯಿಂದ ಬೇರೆಯಾಗಿ ನಿಂತ ಗ್ಯಾರೇಜು, ಶೆಡ್ಡು, ಅತಿಥಿಗಳ ಕೋಣೆ ಮೊದಲಾದವುಗಳಿಗೆ ವಿದ್ಯುತ್ ಒಯ್ಯುವ ಬಗ್ಗೆ ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ವಿಷಯ ಒಂದೇ ಆದ್ದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಾಗಿ ಎತ್ತಿಕೊಂಡಿದ್ದೇನೆ. ಕೊನೆಯಲ್ಲಿ ತುಮಕೂರಿನ ಓದುಗರೊಬ್ಬರ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ಮನೆಯ ವೈರಿಂಗಿಗೆ ಆಧಾರವಾಗಿರುವುದು ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಸಂಸ್ಥೆಯು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಿ ಪ್ರಕಟಿಸುವ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್. ಅದು ತಾನಾಗಿಯೇ ಕಾನೂನಲ್ಲ. ರಾಜ್ಯವೋ ಕೌಂಟಿಯೋ ನಗರವೋ ಒಂದು ಆವೃತ್ತಿಯನ್ನು ಅಂಗೀಕರಿಸಿದಾಗ, ಕೆಲವೊಮ್ಮೆ ತನ್ನದೇ ತಿದ್ದುಪಡಿಗಳೊಡನೆ, ಅದು ಅಲ್ಲಿಯ ಕಾನೂನಾಗುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳನ್ನು ಓದಿದ ಮೇಲೂ ನಿಮ್ಮ ಊರಿನ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿನಲ್ಲಿ ಯಾವ ವರ್ಷದ ಆವೃತ್ತಿ ಜಾರಿಯಲ್ಲಿದೆ ಎಂದು ಕೇಳಿಕೊಂಡೇ ಪರ್ಮಿಟ್ಟಿಗೆ ಅರ್ಜಿ ಹಾಕಿರಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ಹಿತ್ತಲಿನ ಗ್ಯಾರೇಜಿನಲ್ಲಿ ಒಂದು ಸಬ್‌ಪ್ಯಾನೆಲ್ (ಮನೆಯ ಮುಖ್ಯ ಪ್ಯಾನೆಲ್ಲಿನಿಂದ ವಿದ್ಯುತ್ ಪಡೆಯುವ ಚಿಕ್ಕ ಬ್ರೇಕರ್ ಪೆಟ್ಟಿಗೆ) ಇದ್ದು, ಮನೆಯ ಪ್ಯಾನೆಲ್ಲಿನ 60 ಆಂಪಿಯರ್ ಬ್ರೇಕರಿನಿಂದ ಅದಕ್ಕೆ ನೆಲದಡಿಯಲ್ಲಿ ಮೂರೇ ತಂತಿಗಳು ಬಂದಿವೆ: ಎರಡು ಹಾಟ್ (ಊರಿನಲ್ಲಿ ಫೇಸ್ ಎನ್ನುವುದು), ಒಂದು ನ್ಯೂಟ್ರಲ್ (ಪ್ರವಾಹವನ್ನು ಹಿಂದಿರುಗಿಸುವುದು). ಎಲೆಕ್ಟ್ರಿಕ್ ಕಾರಿಗೆ 48 ಆಂಪಿಯರಿನ ಚಾರ್ಜರ್ ಹಾಕಿಸಲೆಂದು ಕರೆಸಿದ ಎಲೆಕ್ಟ್ರಿಷಿಯನ್ ಅದನ್ನು ತೆರೆದು ನೋಡಿ, ‘ಇದರಲ್ಲಿ ಗ್ರೌಂಡ್ ತಂತಿಯೇ (ಊರಿನಲ್ಲಿ ಅರ್ಥ್ ಎನ್ನುವುದು) ಇಲ್ಲ, ಹೊಸದಾಗಿ ನೆಲ ಅಗೆದು ನಾಲ್ಕು ತಂತಿ ಎಳೆಯಬೇಕು’ ಎನ್ನುತ್ತಾರೆ. ಇಷ್ಟು ವರ್ಷ ನಡೆದುಕೊಂಡು ಬಂದದ್ದು ಈಗೇಕೆ ತಪ್ಪಾಯಿತು? ನಮ್ಮಿಂದ ಹಣ ಕೀಳುವ ಉಪಾಯವೇ ಇದು?

ಉತ್ತರ: ಉಪಾಯವಲ್ಲ. ಅವರು ಹೇಳಿದ ಕೆಲಸ ಸರಿಯಾದದ್ದೇ. ಕೊಟ್ಟ ಕಾರಣ ಮಾತ್ರ ಅರ್ಧ ಸರಿ. ಪ್ರತ್ಯೇಕ ಕಟ್ಟಡಕ್ಕೆ ಮೂರು ತಂತಿಗಳ ಫೀಡರ್ (ಮನೆಯ ಪ್ಯಾನೆಲ್ಲಿನಿಂದ ಸಬ್‌ಪ್ಯಾನೆಲ್ಲಿಗೆ ವಿದ್ಯುತ್ ಒಯ್ಯುವ ತಂತಿಗಳು) ಎಳೆದು, ಅಲ್ಲಿ ನ್ಯೂಟ್ರಲನ್ನೇ ಪ್ಯಾನೆಲ್ಲಿನ ಲೋಹದ ಪೆಟ್ಟಿಗೆಗೂ ನೆಲಕ್ಕೆ ಹೊಡೆದ ಗ್ರೌಂಡ್ ರಾಡಿಗೂ ಜೋಡಿಸುವ ಪದ್ಧತಿಗೆ 2005ರ ಆವೃತ್ತಿಯವರೆಗೆ ಕೆಲವು ಷರತ್ತುಗಳೊಡನೆ ಅನುಮತಿಯಿತ್ತು. 2008ರ ಆವೃತ್ತಿ ಹೊಸ ಕೆಲಸಗಳಲ್ಲಿ ಅದನ್ನು ನಿಲ್ಲಿಸಿತು. ಅಂದಿನಿಂದ 250.32ನೆಯ ಸೆಕ್ಷನ್ನಿನ ಪ್ರಕಾರ ಫೀಡರಿನ ಜೊತೆಯಲ್ಲೇ ಒಂದು ಪ್ರತ್ಯೇಕ ಗ್ರೌಂಡ್ ತಂತಿ ಬರಬೇಕು, ಮತ್ತು ಆ ಕಟ್ಟಡದಲ್ಲಿ ನ್ಯೂಟ್ರಲ್ ಎಲ್ಲಿಯೂ ಗ್ರೌಂಡನ್ನು ಮುಟ್ಟಬಾರದು.

ಹಳೆಯ ವೈರಿಂಗಿಗೆ ಅದೇ ಸೆಕ್ಷನ್ನಿನಲ್ಲಿ ವಿನಾಯಿತಿ ಉಂಟು. ಹಾಕಿದ ಕಾಲದ ನಿಯಮಕ್ಕೆ ಅದು ಸರಿಯಾಗಿದ್ದಿರಬೇಕು. ಫೀಡರಿನ ಜೊತೆ ಗ್ರೌಂಡ್ ತಂತಿ ಬಂದಿರಬಾರದು. ಮನೆಗೂ ಗ್ಯಾರೇಜಿಗೂ ನಡುವೆ ಎರಡೂ ಕಡೆ ಗ್ರೌಂಡಿಗೆ ಜೋಡಣೆಯಾದ, ಎಲ್ಲಿಯೂ ಕಡಿಯದ ಇನ್ನೊಂದು ಲೋಹದ ದಾರಿ ಇರಬಾರದು. ಫೀಡರಿನ ಮೂಲದಲ್ಲಿ, ಪ್ರವಾಹ ಗ್ರೌಂಡಿಗೆ ಸೋರಿದಾಗ ವಿದ್ಯುತ್ ಕಡಿಯುವ, ಉಪಕರಣ ರಕ್ಷಣೆಯ ಗ್ರೌಂಡ್ ಫಾಲ್ಟ್ ಸಾಧನವೂ ಇರಬಾರದು. ಇವುಗಳಲ್ಲಿ ಜನ ಎಡವುವುದು ಲೋಹದ ದಾರಿಯ ವಿಷಯದಲ್ಲಿ. ಗ್ಯಾರೇಜಿಗೆ ತಾಮ್ರದ ನೀರಿನ ಕೊಳವೆ ಹೋಗಿದ್ದರೆ, ಅಥವಾ ಆಮೇಲೆ ಯಾರೋ ಲೋಹದ ಕವಚವಿರುವ ಟಿವಿ ಕೇಬಲ್ ಎಳೆದು ಎರಡೂ ತುದಿಗಳಲ್ಲಿ ಗ್ರೌಂಡ್ ಮಾಡಿಸಿದ್ದರೆ ವಿನಾಯಿತಿ ಅಲ್ಲಿಗೇ ಮುಗಿಯಿತು. ಮೂರು ತಂತಿಗಳು ಬಂದಿರುವುದೇ ಲೋಹದ ಕಾಂಡ್ಯೂಟಿನೊಳಗಾದರೆ ಆ ಕೊಳವೆಯೇ ಅಂಥ ದಾರಿಯಾಗುತ್ತದೆ.

ಈ ಪದ್ಧತಿಯನ್ನು ಏಕೆ ಕೈಬಿಟ್ಟರು ಎಂಬುದು ನಿಯಮಕ್ಕಿಂತ ಮುಖ್ಯ. ಮೂರು ತಂತಿಗಳ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಎರಡು ಕೆಲಸ ಮಾಡುತ್ತದೆ: ದೀಪ, ಮೋಟಾರುಗಳ ದೈನಂದಿನ ಪ್ರವಾಹವನ್ನು ಮನೆಗೆ ಹಿಂದಿರುಗಿಸುವುದು ಒಂದು, ಹಾಟ್ ತಂತಿ ಎಲ್ಲಾದರೂ ಲೋಹದ ಮೈಗೆ ತಗುಲಿದಾಗ ಆ ದೋಷದ ಪ್ರವಾಹವನ್ನು ಒಯ್ದು ಬ್ರೇಕರನ್ನು ಬೀಳಿಸುವುದು ಇನ್ನೊಂದು. ನೆಲದಡಿಯ ನ್ಯೂಟ್ರಲ್ ತಂತಿ ತುಕ್ಕು ಹಿಡಿದೋ ಸಲಿಕೆಯ ಏಟಿಗೋ ಕಡಿಯಿತೆನ್ನಿ. ಆಗ ಉರಿಯುತ್ತಿರುವ ದೀಪದ ಮೂಲಕ ಹಾಯ್ದ ಪ್ರವಾಹ ಹಿಂದಿರುಗಲು ದಾರಿಯಿಲ್ಲದೆ, ನ್ಯೂಟ್ರಲಿಗೆ ಜೋಡಣೆಯಾಗಿರುವ ಪ್ಯಾನೆಲ್ ಪೆಟ್ಟಿಗೆಯನ್ನೂ, ಅದರ ಮೂಲಕ ಗ್ಯಾರೇಜಿನಲ್ಲಿ ಗ್ರೌಂಡಾಗಿರುವ ಡ್ರಿಲ್ಲಿಂಗ್ ಯಂತ್ರ, ಫ್ರಿಜ್ಜು, ಬಾಗಿಲೆತ್ತುವ ಮೋಟಾರುಗಳನ್ನೂ 120 ವೋಲ್ಟ್‌ನ ಸಮೀಪಕ್ಕೆ ಎತ್ತಬಲ್ಲದು. ಯಾವ ಬ್ರೇಕರೂ ಬೀಳುವುದಿಲ್ಲ, ಏಕೆಂದರೆ ಯಾವ ಬ್ರೇಕರಿಗೂ ಹೆಚ್ಚಿನ ಪ್ರವಾಹ ಕಾಣುವುದಿಲ್ಲ. ನಾಲ್ಕು ತಂತಿಗಳಿದ್ದು ನ್ಯೂಟ್ರಲ್ ಕಡಿದರೆ ದೀಪಗಳು ಮಂಕಾಗಬಹುದು, ಕೆಲವು ಉಪಕರಣಗಳು ಸುಟ್ಟೂ ಹೋಗಬಹುದು. ಆದರೆ ಮುಟ್ಟುವ ಲೋಹ ಪ್ರತ್ಯೇಕ ಗ್ರೌಂಡ್ ತಂತಿಯ ಆಶ್ರಯದಲ್ಲಿಯೇ ಉಳಿಯುತ್ತದೆ.

ಇನ್ನು ನಿಮ್ಮ ಚಾರ್ಜರಿನ ವಿಷಯ. ಕಾರಿನ ಚಾರ್ಜಿಂಗನ್ನು ಕೋಡ್ ನಿರಂತರ ಹೊರೆಯೆಂದು ಎಣಿಸುವುದರಿಂದ 48 ಆಂಪಿಯರಿಗೆ 125 ಶೇಕಡಾ, ಅಂದರೆ 60 ಆಂಪಿಯರಿನ ಸರ್ಕ್ಯೂಟ್ ಬೇಕು. ನಿಮ್ಮ ಫೀಡರಿನ ಇಡೀ ಶಕ್ತಿ ಅದೊಂದಕ್ಕೇ ಮುಗಿಯುತ್ತದೆ. ದೀಪಕ್ಕೂ ಬಾಗಿಲಿನ ಮೋಟಾರಿಗೂ ಏನೂ ಉಳಿಯುವುದಿಲ್ಲ. ಹಾಗಾಗಿ ದೊಡ್ಡ ಫೀಡರ್ ಬೇಕೇ ಬೇಕು, ಮತ್ತು ಹೊಸ ಫೀಡರ್ ಎಂದರೆ ನಾಲ್ಕು ತಂತಿ ಎಂಬುದರಲ್ಲಿ ಆಯ್ಕೆಯಿಲ್ಲ. ನೆಲ ಅಗೆಸಲು ಸದ್ಯಕ್ಕೆ ಮನಸ್ಸಿಲ್ಲದಿದ್ದರೆ, ಮೇಲಿನ ಷರತ್ತುಗಳೆಲ್ಲ ಪೂರೈಸಿದ್ದರೆ, ಚಾರ್ಜರನ್ನು 24 ಆಂಪಿಯರಿಗೆ ಇಳಿಸಿ 30 ಆಂಪಿಯರ್ ಸರ್ಕ್ಯೂಟಿನಲ್ಲಿ ನಡೆಸುವ ಬಗ್ಗೆ ಲೋಡ್ ಲೆಕ್ಕ ಹಾಕಿಸಿ ನೋಡಬಹುದು. 240 ವೋಲ್ಟ್‌ನಲ್ಲಿ ಅದು ಸುಮಾರು 5.8 ಕಿಲೋವಾಟ್, ರಾತ್ರಿಯಿಡೀ ನಿಂತ ಕಾರಿಗೆ ಸಾಕಷ್ಟಾಯಿತು. ಆದರೂ ನನ್ನ ಮತವನ್ನು ಕೇಳಿದರೆ ಅಗೆಸಿರಿ ಎಂದೇ ಹೇಳುತ್ತೇನೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಬ್‌ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಬೇರೆಯಾಗಿರಬೇಕೆಂದು ಎಲ್ಲೋ ಓದಿ, ಹಳೆಯ ಮೂರು ತಂತಿಗಳ ಪ್ಯಾನೆಲ್ಲಿನಲ್ಲಿ ಹಸಿರು ಬಾಂಡಿಂಗ್ ಸ್ಕ್ರೂವನ್ನು ಮಾತ್ರ ಬಿಚ್ಚುವವರಿದ್ದಾರೆ. ಗ್ರೌಂಡ್ ತಂತಿಯಿಲ್ಲದ ಕಡೆ ಆ ಸ್ಕ್ರೂವನ್ನೂ ತೆಗೆದರೆ ದೋಷದ ಪ್ರವಾಹಕ್ಕೆ ಮಣ್ಣಿನ ಹೊರತು ಬೇರೆ ದಾರಿಯೇ ಇರುವುದಿಲ್ಲ, ಅಂದರೆ ಇದ್ದುದಕ್ಕಿಂತ ಕೆಟ್ಟ ಸ್ಥಿತಿಯಾಗುತ್ತದೆ. ನಾಲ್ಕನೆಯ ತಂತಿ ಬಂದು ಜೋಡಣೆಯಾಗುವ ದಿನವೇ ಆ ಸ್ಕ್ರೂ ಹೊರಬರಬೇಕು, ಅದಕ್ಕೆ ಮೊದಲಲ್ಲ.

ಪ್ರಶ್ನೆ: ಟೆಕ್ಸಾಸಿನಲ್ಲಿರುವ ನಮ್ಮ ಜಾಗದಲ್ಲಿ ಮನೆಯಿಂದ ನೂರು ಅಡಿ ದೂರದಲ್ಲಿ ವರ್ಕ್‌ಶಾಪ್ ಕಟ್ಟಿಸುತ್ತಿದ್ದೇವೆ. ಅಲ್ಲಿಯೇ ಎಂಟು ಅಡಿಯ ಎರಡು ಗ್ರೌಂಡ್ ರಾಡ್ ಹೊಡೆಸುತ್ತಿರುವಾಗ, ಮನೆಯಿಂದ ಬೇರೆ ಗ್ರೌಂಡ್ ತಂತಿಯನ್ನೂ ಎಳೆಯುವುದು ದಂಡದ ಖರ್ಚಲ್ಲವೇ ಎಂದು ನಮ್ಮ ಭಾವನವರು ಕೇಳುತ್ತಾರೆ. ಊರಿನಲ್ಲಿ ಎಲ್ಲರೂ ಮನೆಯ ಪಕ್ಕದಲ್ಲೇ ಅರ್ಥ್ ಗುಂಡಿ ತೋಡಿ ಬಿಡುತ್ತಾರಲ್ಲ?

ಉತ್ತರ: ನಿಮ್ಮ ಭಾವನವರ ಸಂದೇಹ ಬಹಳ ಜನರದು, ಅನುಭವಸ್ಥ ಕೆಲಸಗಾರರದ್ದೂ ಹೌದು. ಲೆಕ್ಕ ಹಾಕಿಯೇ ನೋಡೋಣ. ಒಂದೇ ರಾಡ್ ಹೊಡೆದು ಸುಮ್ಮನಾಗಲು ಕೋಡ್ ಕೇಳುವ ಮಿತಿ 25 ಓಮ್; ಅದಕ್ಕಿಂತ ಹೆಚ್ಚು ತಡೆಯಿದ್ದರೆ ಎರಡನೆಯ ರಾಡ್ ಬೇಕು, ಎರಡನೆಯದನ್ನು ಹೊಡೆದ ಮೇಲೆ ಅಳತೆ ಮಾಡಿ ತೋರಿಸಬೇಕಾಗಿಲ್ಲ. ನಿಮ್ಮ ಮಣ್ಣು ಒಳ್ಳೆಯದಾಗಿದ್ದು ತಡೆ 25 ಓಮ್ ಇದೆಯೆಂದುಕೊಳ್ಳಿ. 120 ವೋಲ್ಟ್‌ನ ಹಾಟ್ ತಂತಿ ಯಂತ್ರದ ಮೈಗೆ ತಗುಲಿದಾಗ ಮಣ್ಣಿನ ಮೂಲಕ ಹರಿಯುವ ಪ್ರವಾಹ 120ನ್ನು 25ರಿಂದ ಭಾಗಿಸಿದಷ್ಟು, ಅಂದರೆ 4.8 ಆಂಪಿಯರ್. 20 ಆಂಪಿಯರಿನ ಬ್ರೇಕರಿಗೆ ಇದೊಂದು ಸಣ್ಣ ಹೀಟರಿನ ಹೊರೆಯಂತೆ ಕಾಣುತ್ತದೆ. ಅದು ದಿನವಿಡೀ ಬೀಳುವುದಿಲ್ಲ. ಯಂತ್ರದ ಮೈ 120 ವೋಲ್ಟ್‌ನ ಹತ್ತಿರದಲ್ಲೇ ನಿಂತಿರುತ್ತದೆ, ಸುಮಾರು 576 ವಾಟ್ ಮಣ್ಣನ್ನು ಬೆಚ್ಚಗೆ ಮಾಡುತ್ತಿರುತ್ತದೆ, ಮೀಟರ್ ತಿರುಗುತ್ತಿರುತ್ತದೆ.

ಈಗ ಅದೇ ದೋಷಕ್ಕೆ ತಂತಿಯ ದಾರಿ ಕೊಡಿ. ನೂರು ಅಡಿ ಉದ್ದದ 10 ಗೇಜ್ (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ) ತಾಮ್ರದ ತಂತಿಯ ತಡೆ ಓಮಿನ ಹತ್ತನೆಯ ಒಂದು ಭಾಗದ ಆಸುಪಾಸು. ಹಾಟ್ ತಂತಿಯದನ್ನೂ ಸೇರಿಸಿದರೂ ಓಮಿನ ಕಾಲು ಭಾಗ ಮುಟ್ಟುವುದಿಲ್ಲ. ಪ್ರವಾಹ ನೂರಾರು ಆಂಪಿಯರಿಗೆ ಜಿಗಿಯುತ್ತದೆ, ಬ್ರೇಕರ್ ಕ್ಷಣದಲ್ಲಿ ಬೀಳುತ್ತದೆ. ಬ್ರೇಕರನ್ನು ಬೀಳಿಸುವುದು ಮಣ್ಣಲ್ಲ, ಮನೆಯ ಮುಖ್ಯ ಪ್ಯಾನೆಲ್ಲಿನಲ್ಲಿ ನ್ಯೂಟ್ರಲಿನೊಡನೆ ಕೂಡುವ ಈ ತಂತಿ. ಭೂಮಿಯನ್ನು ದೋಷ ಪ್ರವಾಹದ ಪರಿಣಾಮಕಾರಿ ದಾರಿಯೆಂದು ಎಣಿಸಕೂಡದು ಎಂದು 250.4ನೆಯ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ.

ಹಾಗಾದರೆ ರಾಡ್ ಏಕೆ ಎಂದು ಮರುಪ್ರಶ್ನೆ ಬರುತ್ತದೆ. ಅದರ ಕೆಲಸ ಬೇರೆ: ಸಿಡಿಲಿನ ಆಘಾತವನ್ನು, ಹೈ ವೋಲ್ಟೇಜ್ ತಂತಿ ಕೆಳಗಿನ ತಂತಿಯ ಮೇಲೆ ಬಿದ್ದಾಗ ಏರುವ ಒತ್ತಡವನ್ನು ಮಣ್ಣಿಗೆ ಇಳಿಸುವುದು, ಕಟ್ಟಡದ ಲೋಹವನ್ನು ಅದರ ಸುತ್ತಲಿನ ನೆಲದ ಮಟ್ಟದಲ್ಲಿ ಹಿಡಿದಿಡುವುದು. ಫೀಡರಿನಿಂದ ವಿದ್ಯುತ್ ಪಡೆಯುವ ಪ್ರತಿಯೊಂದು ಪ್ರತ್ಯೇಕ ಕಟ್ಟಡಕ್ಕೂ ತನ್ನದೇ ಎಲೆಕ್ಟ್ರೋಡ್ (ರಾಡಿನಂತೆ ನೆಲದೊಡನೆ ಸಂಪರ್ಕ ಕೊಡುವ ಲೋಹ) ಇರಬೇಕೆಂಬುದು ನಿಯಮ. ಆದ್ದರಿಂದ ನಿಮಗೆ ಎರಡೂ ಬೇಕು. ಎರಡು ರಾಡುಗಳ ನಡುವೆ ಕನಿಷ್ಠ ಆರು ಅಡಿ ಅಂತರವಿರಲಿ, ಎಂಟು ಅಡಿಯೂ ಮಣ್ಣಿನೊಳಗೆ ಇಳಿಯಲಿ. ರಾಡಿನಿಂದ ಪ್ಯಾನೆಲ್ಲಿಗೆ ಬರುವ ತಾಮ್ರದ ತಂತಿ 6 ಗೇಜಿಗಿಂತ ದಪ್ಪವಿರಬೇಕಾಗಿಲ್ಲ.

ನೀವು ಹೊಸದಾಗಿ ಕಟ್ಟಿಸುತ್ತಿರುವುದರಿಂದ ರಾಡಿಗಿಂತ ಒಳ್ಳೆಯ ಅವಕಾಶ ಕೈಯಲ್ಲಿದೆ. ಅಡಿಪಾಯದ ಕಾಂಕ್ರೀಟಿನೊಳಗೆ, ಮಣ್ಣಿಗೆ ನೇರವಾಗಿ ತಾಗಿರುವ ಕಡೆ, ಅರ್ಧ ಇಂಚು ದಪ್ಪದ ಕಬ್ಬಿಣದ ಸರಳು ಕನಿಷ್ಠ 20 ಅಡಿ ಉದ್ದಕ್ಕೆ ಇದ್ದರೆ ಅದೇ ಎಲೆಕ್ಟ್ರೋಡ್ ಆಗುತ್ತದೆ. ಅಂಥದು ಇದ್ದಾಗ ಅದನ್ನು ಬಳಸಲೇಬೇಕೆಂದು ಕೋಡ್ ಹೇಳುತ್ತದೆ. ತೇವ ಹಿಡಿದಿಡುವ ಕಾಂಕ್ರೀಟು ಒಣ ನೆಲದಲ್ಲಿ ರಾಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇದಕ್ಕೆ 4 ಗೇಜಿನ ತಾಮ್ರದ ತಂತಿ ಬೇಕು, ಮತ್ತು ಕಾಂಕ್ರೀಟು ಸುರಿಯುವ ಮೊದಲೇ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಗಾರೆಯವರಿಗೆ ಈ ಮಾತನ್ನು ಇವತ್ತೇ ಹೇಳಿಡಿ.

ಪ್ರಶ್ನೆ: ಮನೆಯ ಮುಖ್ಯ ಪ್ಯಾನೆಲ್ಲಿನಲ್ಲಿ ಬಿಳಿಯ ನ್ಯೂಟ್ರಲ್ ತಂತಿಗಳೂ ಕವಚವಿಲ್ಲದ ಗ್ರೌಂಡ್ ತಂತಿಗಳೂ ಒಂದೇ ಲೋಹದ ಪಟ್ಟಿಗೆ (ಬಾರ್) ಸೇರಿವೆ. ಗ್ಯಾರೇಜಿನ ಹೊಸ ಸಬ್‌ಪ್ಯಾನೆಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಎರಡಕ್ಕೂ ಬೇರೆ ಬೇರೆ ಬಾರ್ ಹಾಕಿದ್ದಾರೆ. ಹೇಗಿದ್ದರೂ ಒಂದು ಕಡೆ ಕೂಡಿಯೇ ಇರುವಾಗ ಇನ್ನೊಂದು ಕಡೆ ಕೂಡಿದರೆ ಏನಾಗುತ್ತದೆ?

ಉತ್ತರ: ಒಂದು ಕಡೆ ಕೂಡಬೇಕು, ಎರಡನೆಯ ಕಡೆ ಕೂಡಬಾರದು. ಎರಡು ಕಡೆ ಕೂಡಿದರೆ ನ್ಯೂಟ್ರಲಿಗೂ ಗ್ರೌಂಡ್ ತಂತಿಗೂ ವ್ಯತ್ಯಾಸವೇ ಉಳಿಯದೆ ಅವು ಒಂದಕ್ಕೊಂದು ಸಮಾನಾಂತರವಾದ ಎರಡು ದಾರಿಗಳಾಗುತ್ತವೆ. ಗ್ಯಾರೇಜಿನ ದಿನನಿತ್ಯದ ಪ್ರವಾಹದ ಒಂದು ಪಾಲು ಗ್ರೌಂಡ್ ತಂತಿಯಲ್ಲೂ, ಲೋಹದ ಕಾಂಡ್ಯೂಟಿನಲ್ಲೂ, ನೀರಿನ ಕೊಳವೆ ಇದ್ದರೆ ಅದರಲ್ಲೂ ಹರಿಯತೊಡಗುತ್ತದೆ. ಕೊಳವೆ ಬಿಚ್ಚಿದ ಪ್ಲಂಬರ್‌ಗೆ ಅದರ ಎರಡು ತುದಿಗಳ ನಡುವೆ ಶಾಕ್ ಹೊಡೆಯುವುದು ಹೀಗೆಯೇ. ನ್ಯೂಟ್ರಲ್ ಸಡಿಲವಾದರೆ ಇಡೀ ಪ್ರವಾಹ ಗ್ರೌಂಡ್ ತಂತಿಯ ಪಾಲಾಗುತ್ತದೆ, ಮತ್ತು ನ್ಯೂಟ್ರಲ್ ಹೋಗಿದೆ ಎಂಬುದು ಮನೆಯವರ ಗಮನಕ್ಕೆ ಬರುವುದೇ ಇಲ್ಲ.

ನಿಮ್ಮ ಎಲೆಕ್ಟ್ರಿಷಿಯನ್ ಮಾಡಿರುವುದು ಸರಿ. ಪೆಟ್ಟಿಗೆಯಲ್ಲಿ ನೀವು ನೋಡಿಕೊಳ್ಳಬೇಕಾದದ್ದು ಮೂರು ಸಂಗತಿ. ನ್ಯೂಟ್ರಲ್ ಬಾರ್ ಪ್ಲಾಸ್ಟಿಕ್ ಆಸರೆಯ ಮೇಲೆ ಪೆಟ್ಟಿಗೆಯಿಂದ ಬೇರೆಯಾಗಿ ಕುಳಿತಿರಬೇಕು. ಪ್ಯಾನೆಲ್ಲಿನೊಡನೆ ಬಂದ ಹಸಿರು ಸ್ಕ್ರೂ ಅಥವಾ ಲೋಹದ ಪಟ್ಟಿಯನ್ನು ಹಾಕಿರಬಾರದು. ಗ್ರೌಂಡ್ ಬಾರ್ ಪೆಟ್ಟಿಗೆಯ ಲೋಹಕ್ಕೆ ನೇರವಾಗಿ ಬಿಗಿದಿರಬೇಕು. ಹಲವು ಪ್ಯಾನೆಲ್ಲುಗಳಲ್ಲಿ ಇದು ಜೊತೆಗೆ ಬರುವುದಿಲ್ಲ, ಅದೇ ಕಂಪನಿಯದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಗ್ಯಾರೇಜಿನ ಹೊರಗಿನ ರಾಡಿನ ತಂತಿಯೂ ಗ್ರೌಂಡ್ ಬಾರಿಗೇ ಬರಬೇಕು, ನ್ಯೂಟ್ರಲ್ ಬಾರಿಗಲ್ಲ.

ಪ್ರಶ್ನೆ: ಇಲಿನಾಯ್‌ನಲ್ಲಿರುವ ನಮ್ಮ ಗ್ಯಾರೇಜಿನ ಸಬ್‌ಪ್ಯಾನೆಲ್ಲನ್ನು ಇನ್‌ಸ್ಪೆಕ್ಟರ್ ಒಪ್ಪಲಿಲ್ಲ, ಗ್ಯಾರೇಜಿನಲ್ಲಿ ಡಿಸ್ಕನೆಕ್ಟ್ ಇಲ್ಲವೆಂದು ಬರೆದುಕೊಟ್ಟಿದ್ದಾರೆ. ಮನೆಯ ಪ್ಯಾನೆಲ್ಲಿನಲ್ಲಿ ಗ್ಯಾರೇಜಿಗೆಂದೇ 60 ಆಂಪಿಯರ್ ಬ್ರೇಕರ್ ಇದೆ. ಅದನ್ನು ಆಫ್ ಮಾಡಿದರೆ ಇಡೀ ಗ್ಯಾರೇಜ್ ಆಫ್ ಆಗುತ್ತದೆ. ಇನ್ನೇನು ಬೇಕು? ಅಂಗಡಿಯಲ್ಲಿ 100 ಆಂಪಿಯರ್ ಮೇನ್ ಬ್ರೇಕರ್ ಇರುವ ಪ್ಯಾನೆಲ್ ಅಗ್ಗವಾಗಿ ಸಿಗುತ್ತಿದೆ. 60 ಆಂಪಿಯರ್ ಫೀಡರಿಗೆ ಅದು ನಡೆಯುತ್ತದೆಯೇ?

ಉತ್ತರ: ಇನ್‌ಸ್ಪೆಕ್ಟರ್ ಬರೆದದ್ದು ಸರಿಯಾಗಿದೆ. 225.31 ಮತ್ತು 225.32ರಲ್ಲಿ ಹೇಳಿರುವಂತೆ, ಒಂದು ಕಟ್ಟಡಕ್ಕೆ ವಿದ್ಯುತ್ ಒಯ್ಯುವ ಎಲ್ಲ ಹಾಟ್ ತಂತಿಗಳನ್ನೂ ಕಡಿತಗೊಳಿಸುವ ಸಾಧನ ಆ ಕಟ್ಟಡದಲ್ಲಿಯೇ, ಒಳಗಾಗಲಿ ಹೊರಗೋಡೆಯ ಮೇಲಾಗಲಿ, ತಂತಿಗಳು ಕಟ್ಟಡವನ್ನು ಸೇರುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ, ಏಣಿ ಹಾಕದೆ, ಸಾಮಾನು ಸರಿಸದೆ ಕೈಗೆ ಸಿಗುವಂತೆ ಇರಬೇಕು. ಮನೆಯ ಪ್ಯಾನೆಲ್ಲಿನ ಬ್ರೇಕರ್ ತಂತಿಯನ್ನು ರಕ್ಷಿಸುತ್ತದೆ; ಗ್ಯಾರೇಜಿನಲ್ಲಿ ಹೊಗೆ ಕಂಡಾಗ ನೆರೆಯವರಿಗೋ ಅಗ್ನಿಶಾಮಕ ಸಿಬ್ಬಂದಿಗೋ ಅದು ಸಿಗುವುದಿಲ್ಲ, ಏಕೆಂದರೆ ಅದು ಬೀಗ ಹಾಕಿದ ಮನೆಯ ಬೇಸ್‌ಮೆಂಟಿನಲ್ಲಿರುತ್ತದೆ. ಗ್ಯಾರೇಜಿನಲ್ಲಿ ರಿಪೇರಿ ಮಾಡುತ್ತಿರುವವರ ಬೆನ್ನ ಹಿಂದೆ ಮನೆಯೊಳಗಿನವರು ತಿಳಿಯದೆ ಬ್ರೇಕರ್ ಮತ್ತೆ ಹಾಕಿಬಿಡುವ ಅಪಾಯವೂ ಇದೆ.

ನೀವು ಕಂಡ 100 ಆಂಪಿಯರಿನ ಪ್ಯಾನೆಲ್ ಧಾರಾಳವಾಗಿ ನಡೆಯುತ್ತದೆ. ಫೀಡರ್ ತಂತಿಯ ರಕ್ಷಣೆಗೆ ಮನೆಯ 60 ಆಂಪಿಯರ್ ಬ್ರೇಕರ್ ಇರುವುದರಿಂದ ಗ್ಯಾರೇಜಿನ ಮೇನ್ ಬ್ರೇಕರ್ ಇಲ್ಲಿ ಬರಿಯ ಸ್ವಿಚ್ಚಿನ ಪಾತ್ರ ವಹಿಸುತ್ತದೆ. ಅದು ದೊಡ್ಡದಿದ್ದರೆ ತೊಂದರೆಯಿಲ್ಲ, ಚಿಕ್ಕದಿದ್ದರೆ ತೊಂದರೆ. ಎರಡಕ್ಕಿಂತ ಹೆಚ್ಚು ಸರ್ಕ್ಯೂಟುಗಳಿರುವ ಗ್ಯಾರೇಜಿನ ಡಿಸ್ಕನೆಕ್ಟ್ 60 ಆಂಪಿಯರಿಗೆ ಕಡಿಮೆಯಿರಬಾರದು. ಎರಡು ಸರ್ಕ್ಯೂಟುಗಳಿಗೆ 30, ಒಂದಕ್ಕೆ 15 ಸಾಕು. ಆದರೆ ಆ ಪ್ರತ್ಯೇಕ ಕಟ್ಟಡ ಅಡುಗೆಮನೆ ಸಹಿತ ಒಂದು ಸಂಸಾರ ವಾಸಿಸುವ ಮನೆಯೇ ಆಗಿದ್ದರೆ ಕನಿಷ್ಠ 100 ಆಂಪಿಯರಿನದು ಬೇಕು.

ಕೆಲವರು ಮೇನ್ ಇಲ್ಲದ ಪ್ಯಾನೆಲ್ ಕೊಂಡು, ಮಾಮೂಲು ಬ್ರೇಕರ್ ಒಂದರ ತಂತಿ ಹೊರಡುವ ತುದಿಗೇ ಫೀಡರನ್ನು ಕೊಟ್ಟು ಅದನ್ನೇ ಮೇನ್ ಮಾಡಿಕೊಳ್ಳುತ್ತಾರೆ. ಅದಕ್ಕೂ ಅವಕಾಶವಿದೆ, ಆದರೆ ಆ ಬ್ರೇಕರ್ ಕಿತ್ತು ಬರದಂತೆ ತಡೆಯುವ ಹಿಡಿಕೆಯ ಕಿಟ್ ಹಾಕಲೇಬೇಕು. ಹಾಕದಿದ್ದರೆ ಕೈಗೆ ಬಂದ ಬ್ರೇಕರಿನ ತುದಿಯಲ್ಲಿ ಜೀವಂತ ವಿದ್ಯುತ್ ಇರುತ್ತದೆ. ಪ್ಯಾನೆಲ್ಲಿನ ಮುಂದೆ 36 ಇಂಚು ಆಳ, 30 ಇಂಚು ಅಗಲದ ಜಾಗ ಸದಾ ಖಾಲಿಯಿರಬೇಕೆಂಬ ನಿಯಮವನ್ನು ಗ್ಯಾರೇಜುಗಳಲ್ಲಿ ಪಾಲಿಸಿದವರನ್ನು ನಾನು ಕಂಡದ್ದು ಕಡಿಮೆ. ಸೂಟ್‌ಕೇಸುಗಳ ರಾಶಿ, ಗಣಪತಿ ಹಬ್ಬದ ಮಂಟಪ, ಹಿಮ ತಳ್ಳುವ ಯಂತ್ರ ಎಲ್ಲವೂ ಸೇರುವುದು ಅದರ ಮುಂದೆಯೇ.

ಪ್ರಶ್ನೆ: ತೋಟದ ಸಾಮಾನಿಡುವ ಸಣ್ಣ ಶೆಡ್ಡಿಗೆ ಒಂದು ದೀಪ, ಒಂದು ಔಟ್‌ಲೆಟ್ ಸಾಕು. ಅದಕ್ಕೂ ಪ್ಯಾನೆಲ್, ರಾಡ್ ಎಲ್ಲ ಬೇಕೇ?

ಉತ್ತರ: ಬೇಡ. ಗ್ರೌಂಡ್ ತಂತಿಯಿರುವ ಒಂದೇ ಬ್ರಾಂಚ್ ಸರ್ಕ್ಯೂಟಿನಿಂದ (ಪ್ಯಾನೆಲ್ಲಿನ ಕೊನೆಯ ಬ್ರೇಕರಿನಿಂದ ನೇರವಾಗಿ ದೀಪ, ಔಟ್‌ಲೆಟ್ಟುಗಳಿಗೆ ಹೋಗುವ ತಂತಿ) ಶೆಡ್ಡಿಗೆ ವಿದ್ಯುತ್ ಹೋಗುತ್ತಿದ್ದರೆ ರಾಡಿನಿಂದ ವಿನಾಯಿತಿ ಇದೆ. ಡಿಸ್ಕನೆಕ್ಟಿನಿಂದ ವಿನಾಯಿತಿ ಇಲ್ಲ, ಆದರೆ ಬಾಗಿಲ ಬಳಿಯ ಒಂದು ಸಾಮಾನ್ಯ ಸ್ವಿಚ್ ದೀಪವನ್ನೂ ಔಟ್‌ಲೆಟ್ಟನ್ನೂ ಸೇರಿಸಿ ಎಲ್ಲವನ್ನೂ ಆಫ್ ಮಾಡುವಂತಿದ್ದರೆ ಅದೇ ಡಿಸ್ಕನೆಕ್ಟ್ ಆಯಿತು. 120 ವೋಲ್ಟ್, 20 ಆಂಪಿಯರ್ ಮೀರದ ಸರ್ಕ್ಯೂಟಿಗೆ ಮನೆಯ ಕಡೆಯಲ್ಲೇ ಜಿಎಫ್‌ಸಿಐ (ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸಾಧನ) ರಕ್ಷಣೆ ಕೊಟ್ಟಿದ್ದರೆ ಕೇಬಲನ್ನು 12 ಇಂಚು ಆಳದಲ್ಲಿ ಹೂಳಬಹುದು. ಜಿಎಫ್‌ಸಿಐ ಶೆಡ್ಡಿನಲ್ಲಿದ್ದರೆ ನೆಲದಡಿಯ ಕೇಬಲಿಗೆ ಅದರ ರಕ್ಷಣೆಯಿಲ್ಲವಾದ್ದರಿಂದ ಈ ರಿಯಾಯಿತಿ ಸಿಗುವುದಿಲ್ಲ. ಮುಂದೆ ಸಾಲದಾದಾಗ ಎರಡನೆಯ ಸರ್ಕ್ಯೂಟನ್ನು ಪಕ್ಕದಲ್ಲಿ ಎಳೆಯಲು ಬರುವುದಿಲ್ಲ ಎಂಬುದನ್ನು ಈಗಲೇ ಯೋಚಿಸಿ. ಒಂದು ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ಪೂರೈಕೆ ಎಂಬುದು 225.30ರ ನಿಯಮ.

ಪ್ರಶ್ನೆ: ನಮ್ಮ ಗ್ಯಾರೇಜ್ ಮನೆಗೆ ಅಂಟಿಕೊಂಡೇ ಇದೆ. ಈ ನಿಯಮಗಳು ಅನ್ವಯಿಸುತ್ತವೆಯೇ?

ಉತ್ತರ: ಅದು ಅದೇ ಕಟ್ಟಡವಾದ್ದರಿಂದ ಬೇರೆ ರಾಡೂ ಬೇಡ, ಬೇರೆ ಡಿಸ್ಕನೆಕ್ಟೂ ಬೇಡ. ಆದರೆ ಸಬ್‌ಪ್ಯಾನೆಲ್ ಎಲ್ಲಿದ್ದರೂ ನಾಲ್ಕು ತಂತಿ, ಪ್ರತ್ಯೇಕ ನ್ಯೂಟ್ರಲ್ ಎಂಬುದು ಬದಲಾಗದು.

ಪ್ರಶ್ನೆ: ಮನೆಯೊಳಗೆ ಬಳಸುವ 6 ಗೇಜಿನ ಕಪ್ಪು ಕವಚದ ಕೇಬಲ್ ನಮ್ಮಲ್ಲಿ ಉಳಿದಿದೆ. ಅದನ್ನು ಪಿವಿಸಿ ಕಾಂಡ್ಯೂಟಿನೊಳಗೆ ತೂರಿಸಿ ಗ್ಯಾರೇಜಿಗೆ ಒಯ್ಯಬಹುದೇ? ಎಷ್ಟು ಆಳ ಅಗೆಯಬೇಕು?

ಉತ್ತರ: ಒಯ್ಯಬಾರದು. ನೆಲದಡಿಯ ಕಾಂಡ್ಯೂಟಿನ ಒಳಭಾಗವನ್ನು ಕೋಡ್ ಒದ್ದೆ ಜಾಗವೆಂದೇ ಪರಿಗಣಿಸುತ್ತದೆ. ಎಷ್ಟೇ ಅಂಟು ಹಚ್ಚಿ ಕೂಡಿಸಿದರೂ ಗಾಳಿಯ ತೇವ ಒಳಗೆ ನೀರಾಗಿ ಇಳಿಯುತ್ತದೆ, ಮನೆಯೊಳಗಿನ ಆ ಕೇಬಲಿನ ಕಾಗದದ ತುಂಬಣಿ ಅದನ್ನು ಹೀರಿಕೊಳ್ಳುತ್ತದೆ. ಪಿವಿಸಿ ಕಾಂಡ್ಯೂಟಿನೊಳಗೆ ಒದ್ದೆ ಜಾಗಕ್ಕೆ ತಾಳುವ, ಟಿಎಚ್‌ಡಬ್ಲ್ಯೂಎನ್ ಎಂದು ಮುದ್ರಿತವಾದ ಬಿಡಿ ತಂತಿಗಳನ್ನು ಎಳೆಸಿರಿ. ಗ್ರೌಂಡ್ ತಂತಿ ತಾಮ್ರದ್ದಾದರೆ 60 ಆಂಪಿಯರ್ ಫೀಡರಿಗೆ 10 ಗೇಜ್, 100 ಆಂಪಿಯರಿಗೆ 8 ಗೇಜ್ ಇರಬೇಕು.

ಪಿವಿಸಿ ಕಾಂಡ್ಯೂಟಿನ ಮೇಲೆ 18 ಇಂಚು ಮಣ್ಣಿರಬೇಕು, ನೇರವಾಗಿ ಹೂಳುವ ಕೇಬಲಾದರೆ 24 ಇಂಚು, ದಪ್ಪ ಗೋಡೆಯ ರಿಜಿಡ್ ಲೋಹದ ಕಾಂಡ್ಯೂಟಾದರೆ 6 ಇಂಚು. ಈ ಅಳತೆ ಕೊಳವೆಯ ಮೇಲ್ಭಾಗದಿಂದ ನೆಲದ ಮಟ್ಟಕ್ಕೆ. ಕಾಲುವೆಯನ್ನು ಅದಕ್ಕಿಂತ ಆಳಕ್ಕೇ ತೋಡಬೇಕಾಗುತ್ತದೆ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿದರೆ ಗ್ಯಾಸ್, ನೀರು, ವಿದ್ಯುತ್ ಕಂಪನಿಗಳು ತಮ್ಮ ಕೊಳವೆಗಳು ಹಾದಿರುವ ಜಾಗಕ್ಕೆ ಬಣ್ಣದ ಗುರುತು ಹಾಕಿ ಹೋಗುತ್ತವೆ, ಅದಕ್ಕೆ ಶುಲ್ಕವಿಲ್ಲ. ಇನ್‌ಸ್ಪೆಕ್ಟರ್ ನೋಡುವವರೆಗೆ ಕಾಲುವೆ ಮುಚ್ಚಬೇಡಿ. ಮತ್ತು ಹೇಗಿದ್ದರೂ ಅಗೆಯುತ್ತಿರುವಾಗ, ಇಂಟರ್‌ನೆಟ್ ತಂತಿಗೆಂದು ಇನ್ನೊಂದು ಖಾಲಿ ಕಾಂಡ್ಯೂಟನ್ನೂ ಹಾಕಿಸಿಬಿಡಿ.

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ನಮ್ಮ ಮನೆಯಿದೆ. ಹಿಂದೆ ಔಟ್‌ಹೌಸ್ ಕಟ್ಟಿಸಿ, ಮನೆಯ ಡಿಬಿಯಿಂದ (ವಿದ್ಯುತ್ ಹಂಚುವ ಪೆಟ್ಟಿಗೆ) ಫೇಸ್, ನ್ಯೂಟ್ರಲ್ ಎರಡೇ ತಂತಿ ಎಳೆಸಿದ್ದೇವೆ. ಅರ್ಥಿಂಗಿಗೆ ಏನು ಮಾಡಿದ್ದೀರಿ ಎಂದು ಕೇಳಿದಾಗ ವೈರ್‌ಮನ್, ‘ನ್ಯೂಟ್ರಲ್‌ಗೇ ಅರ್ಥ್ ಲೂಪ್ ಮಾಡಿದ್ದೇನೆ ಸಾರ್, ಅಮೆರಿಕದಲ್ಲೂ ಹಾಗೇ ಮಾಡುತ್ತಾರೆ’ ಎಂದರು. ಅಂದಿನಿಂದ ಮನೆಯ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ. ಅದನ್ನು ತೆಗೆಸಿಬಿಡಬಹುದೇ?

ಉತ್ತರ: ಆರ್‌ಸಿಸಿಬಿಯನ್ನು ಖಂಡಿತ ತೆಗೆಸಬೇಡಿ, ತೆಗೆಯಬೇಕಾದದ್ದು ಆ ಲೂಪು. ಫೇಸಿನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಆರ್‌ಸಿಸಿಬಿ ಹೋಲಿಸುತ್ತಿರುತ್ತದೆ. ಔಟ್‌ಹೌಸಿನಲ್ಲಿ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿದ ಮೇಲೆ, ಅಲ್ಲಿಯ ಅರ್ಥ್ ಒದ್ದೆ ಗೋಡೆಯ ಮೂಲಕವೋ ಮೋಟಾರಿನ ಕಬ್ಬಿಣದ ಪೈಪಿನ ಮೂಲಕವೋ ನೆಲವನ್ನು ಮುಟ್ಟಿದರೂ ಸಾಕು, ಪ್ರವಾಹದ ಒಂದಂಶ ಆ ದಾರಿಯಲ್ಲಿ ಸೋರಿಹೋಗಿ ಆರ್‌ಸಿಸಿಬಿ ಬೀಳುತ್ತದೆ. ಅದು ತನ್ನ ಕೆಲಸವನ್ನೇ ಮಾಡುತ್ತಿದೆ. ಔಟ್‌ಹೌಸಿಗೆ ಹೋಗುವ ನ್ಯೂಟ್ರಲ್ ಮಧ್ಯದಲ್ಲಿ ಕಡಿದರೆ, ಅಲ್ಲಿರುವ ಇಸ್ತ್ರಿ ಪೆಟ್ಟಿಗೆ, ಗೀಸರುಗಳ ಮೈಗೆ 230 ವೋಲ್ಟ್ ಬರುತ್ತದೆ. ಅಮೆರಿಕದ ಹೊಸ ಕೆಲಸಗಳಲ್ಲಿ ಇದನ್ನು ನಿಷೇಧಿಸಿರುವುದೂ ಇದೇ ಕಾರಣಕ್ಕೆ ಎಂದು ನಿಮ್ಮ ವೈರ್‌ಮನ್‌ಗೆ ತಿಳಿಸಿ.

ಆದರೆ ಅಲ್ಲಿಯ ನಿಯಮವನ್ನು ಇಲ್ಲಿಗೆ ಹಾಗೆಯೇ ತರಲು ಬರುವುದಿಲ್ಲ. ಅಮೆರಿಕದ ಮನೆಗಳಲ್ಲಿ ಗ್ರೌಂಡ್ ತಂತಿ ಮುಖ್ಯ ಪ್ಯಾನೆಲ್ಲಿನಲ್ಲಿ ನ್ಯೂಟ್ರಲಿಗೆ ಕೂಡುತ್ತದೆ, ದೋಷದ ಪ್ರವಾಹ ಲೋಹದ ಮೂಲಕವೇ ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗುತ್ತದೆ. ನಮ್ಮಲ್ಲಿ ಕಂಬದಿಂದ ಫೇಸ್, ನ್ಯೂಟ್ರಲ್ ಮಾತ್ರ ಇಳಿದು ಮನೆಯವರೇ ಅರ್ಥ್ ಗುಂಡಿ ತೋಡಿಸಿಕೊಂಡ ಕಡೆಗಳಲ್ಲಿ, ದೋಷದ ಪ್ರವಾಹ ನಿಮ್ಮ ಗುಂಡಿಯಿಂದ ಟ್ರಾನ್ಸ್‌ಫಾರ್ಮರಿನ ಗುಂಡಿಯವರೆಗೆ ಮಣ್ಣಿನಲ್ಲೇ ಸಾಗಬೇಕು. ಎರಡೂ ಕಡೆಯ ಮಣ್ಣು ಸೇರಿ 10 ಓಮ್ ಎಂದು ಹಿಡಿದರೆ 230 ವೋಲ್ಟ್‌ಗೆ 23 ಆಂಪಿಯರ್ ಹರಿಯುತ್ತದೆ. 32 ಆಂಪಿಯರಿನ ಎಂಸಿಬಿ (ನಮ್ಮ ಬ್ರೇಕರ್) ಇದಕ್ಕೆ ಬೀಳುವುದೇ ಇಲ್ಲ, 16 ಆಂಪಿಯರಿನದು ಬಿದ್ದರೂ ಬಹಳ ನಿಮಿಷಗಳ ನಂತರ. ಎರಡು ಗುಂಡಿಗಳ ತಡೆ ಸಮವಾಗಿದ್ದರೆ ಅಷ್ಟು ಹೊತ್ತೂ ಗೀಸರಿನ ಮೈ 115 ವೋಲ್ಟ್‌ನಲ್ಲಿ ನಿಂತಿರುತ್ತದೆ. ಅರ್ಥ್ ಗುಂಡಿಯನ್ನು ಎಷ್ಟೇ ಚೆನ್ನಾಗಿ ಮಾಡಿಸಿದರೂ ನಮ್ಮ ಮನೆಗಳಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನಿವಾರ್ಯವಾಗುವುದು ಇದಕ್ಕೇ.

ಮಾಡಿಸಬೇಕಾದ ಕೆಲಸ ಇಷ್ಟು. ಔಟ್‌ಹೌಸಿನಲ್ಲಿ ನ್ಯೂಟ್ರಲ್ ಮತ್ತು ಅರ್ಥಿನ ಲೂಪನ್ನು ತೆಗೆಸಿ. ಮನೆಯ ಅರ್ಥ್ ಗುಂಡಿಯಿಂದ ಔಟ್‌ಹೌಸಿಗೆ ಮೂರನೆಯ ತಂತಿಯಾಗಿ ಹಸಿರು ಅರ್ಥ್ ತಂತಿ ಎಳೆಸಿ. ನೆಲದಡಿಯಲ್ಲಿ ಆರ್ಮರ್ಡ್ ಕೇಬಲ್ ಹಾಕಿಸುವುದಾದರೆ ಅದರ ಆರ್ಮರನ್ನೂ ಗ್ಲ್ಯಾಂಡಿನ ಮೂಲಕ ಅರ್ಥ್ ಮಾಡಿಸಿ. ಔಟ್‌ಹೌಸಿನ ಬಳಿ ಇನ್ನೊಂದು ಗುಂಡಿ ತೋಡಿಸಿ ಅದನ್ನೂ ಇದೇ ಅರ್ಥ್ ತಂತಿಗೆ ಸೇರಿಸಿದರೆ ಒಳ್ಳೆಯದು, ಆದರೆ ಬರಿಯ ಆ ಗುಂಡಿಯನ್ನೇ ನಂಬಬೇಡಿ. ಔಟ್‌ಹೌಸಿನ ಬಾಗಿಲ ಬಳಿ ಡಬಲ್ ಪೋಲ್ ಐಸೊಲೇಟರ್ ಇರಲಿ. ಅಮೆರಿಕದಲ್ಲಿ ಹಾಟ್ ತಂತಿಗಳನ್ನು ಕಡಿದರೆ ಸಾಕು, ನಮ್ಮಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವುದು ಕ್ಷೇಮ, ಏಕೆಂದರೆ ಕಂಬದ ಮೇಲೆ ಅವು ಅದಲುಬದಲಾಗುವುದು ಅಪರೂಪವೇನಲ್ಲ. ಔಟ್‌ಹೌಸಿಗೆಂದೇ ಬೇರೆ ಆರ್‌ಸಿಸಿಬಿಯನ್ನು ಮನೆಯ ಡಿಬಿಯಲ್ಲಿ, ಅದರ ಕೇಬಲ್ ಹೊರಡುವ ಕಡೆ ಹಾಕಿಸಿದರೆ ಅಲ್ಲಿಯ ಸೋರಿಕೆಗೆ ಇಡೀ ಮನೆ ಕತ್ತಲಾಗುವುದಿಲ್ಲ. ಆರ್‌ಸಿಸಿಬಿ ಓವರ್‌ಲೋಡನ್ನು ತಡೆಯುವುದಿಲ್ಲವಾದ್ದರಿಂದ ಅದರೊಡನೆ ಎಂಸಿಬಿಯೂ ಇರಲೇಬೇಕು.

ಬೇಸಿಗೆಯಲ್ಲಿ ಗುಂಡಿ ಒಣಗಿದಾಗ ಅದರ ತಡೆ ಏರುತ್ತದೆ; ಏಪ್ರಿಲ್ ತಿಂಗಳಲ್ಲಿ ಅರ್ಥ್ ಟೆಸ್ಟರ್ ಇರುವ ಲೈಸೆನ್ಸ್‌ದಾರ ಕಂಟ್ರಾಕ್ಟರನ್ನು ಕರೆಸಿ ಒಮ್ಮೆ ಅಳೆಯಿಸಿ, ನೀರು ಹಾಕುವುದನ್ನು ಮರೆಯಬೇಡಿ. ವೈರ್‌ಮನ್ ಕೆಲಸ ಮುಗಿಸಿದ ಮೇಲೆ, ಹಣ ಕೊಡುವ ಮೊದಲು, ಆರ್‌ಸಿಸಿಬಿಯ ಟೆಸ್ಟ್ ಬಟನನ್ನು ನೀವೇ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಿ, ಔಟ್‌ಹೌಸಿನ ಡಬ್ಬಿ ತೆರೆಸಿ ನ್ಯೂಟ್ರಲ್ ಲಿಂಕಿಗೂ ಅರ್ಥ್ ಪಟ್ಟಿಗೂ ನಡುವೆ ತುಂಡು ತಂತಿಯೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.